20 ಅರ್ಧ ಮುಖವಾಡಕ್ಕೆ ಯಾವ ಶೀಟು? ಹಿಪ್ಸೋ, ಪಿಇಟಿಜಿಯೋ?

ರಂಗಸಜ್ಜು: ಮಕ್ಕಳ ನಾಟಕಕ್ಕೆ ಒಂದೇ ಅಚ್ಚಿನ 20 ಅರ್ಧ ಮುಖವಾಡ ಬೇಕು. ಪ್ಲಾಸ್ಟರ್ ಅಚ್ಚು, ಹಳೇ ಓವನ್, ವ್ಯಾಕ್ಯೂಮ್ ಕ್ಲೀನರ್ ಇವೆ. ಶೀಟು ಕಾಯಿಸಿ, ಗಾಳಿ ಎಳೆದು ಅಚ್ಚಿಗೆ ಕೂರಿಸುವ (ವ್ಯಾಕ್ಯೂಮ್ ಫಾರ್ಮಿಂಗ್) ಯೋಚನೆ. 1.5 ಮಿ.ಮೀ. ಹಿಪ್ಸ್ (ಪಾಲಿಸ್ಟೈರೀನ್ ಪ್ಲಾಸ್ಟಿಕ್ ಶೀಟು) ಸಾಕಾ?

ಬಣ್ಣದಮನೆ: ಸಾಕು. ಅಗ್ಗ, ಒಣಗಿಸುವ ರಗಳೆಯಿಲ್ಲ. ಓವನ್‌ನಲ್ಲಿ ಕಾದ ಶೀಟು ಚೌಕಟ್ಟಿನ ನಡುವೆ 2–3 ಸೆಂ.ಮೀ. ಜೋತ ತಕ್ಷಣ ಅಚ್ಚಿನ ಮೇಲೆ ಇಳಿಸಿ ಗಾಳಿ ಎಳೆಯಿರಿ. ತಡಮಾಡಿದರೆ ಮೂಲೆಗಳಲ್ಲಿ ಮಡಿಕೆ ಬೀಳುತ್ತೆ.

ಬಿಸಿಗಾಳಿ: ಮಕ್ಕಳ ಕೈಗೆ ಹಿಪ್ಸಾ? ಎಲಾಸ್ಟಿಕ್ ತೂತಿನ ಹತ್ತಿರವೇ ಸೀಳುತ್ತೆ. 1 ಮಿ.ಮೀ. ಪಿಇಟಿಜಿ (ಪಾಲಿಯೆಸ್ಟರ್ ಜಾತಿಯ ಪ್ಲಾಸ್ಟಿಕ್) ಬಾಗುತ್ತೆ, ಸುಲಭಕ್ಕೆ ಒಡೆಯಲ್ಲ, ಕತ್ತರಿಯಲ್ಲೇ ಕತ್ತರಿಸಬಹುದು.

ಬಣ್ಣದಮನೆ: ಸೀಳೋದು ಚೂಪು ಮೂಲೆಯಿಂದ. ಚಾಕುವಿನಲ್ಲಿ ಗೀರಬೇಡಿ, ಅಂಚಿನಿಂದ 8–10 ಮಿ.ಮೀ. ಒಳಗೆ ದುಂಡಗೆ ಕೊರೆದು ಐಲೆಟ್ (ತೂತಿನಂಚಿಗೆ ಕೂರುವ ಪುಟ್ಟ ಬಳೆ) ಹಾಕಿ. ಪಿಇಟಿಜಿ ಕಾವು ಹೆಚ್ಚಾದರೆ ಅಚ್ಚಿಗೆ ಅಂಟುತ್ತೆ, ನುಣುಪು ಮೈ ಉಜ್ಜದಿದ್ದರೆ ಬಣ್ಣವೂ ಏಳುತ್ತೆ.

ಶೀಟುಗಾರ: ಇಬ್ಬರೂ ಮೂಗನ್ನು ಮರೆತಿರಿ. ಶೀಟು ಹಿಗ್ಗಿದಷ್ಟೂ ತೆಳುವಾಗುತ್ತೆ: ಮೇಲ್ಮೈ ಎರಡರಷ್ಟಾದ ಕಡೆ 1.5 ಮಿ.ಮೀ. ಹೋಗಿ 0.75 ಉಳಿಯುತ್ತೆ. ಉದ್ದ ಮೂಗಾದರೆ 2 ಮಿ.ಮೀ. ತಗೊಳ್ಳಿ. ಕಣ್ಣಿನ ಮೂಲೆ, ಮೂಗಿನ ಪಕ್ಕದ ತಗ್ಗಲ್ಲಿ 1 ಮಿ.ಮೀ. ಗಾಳಿತೂತು ಕೊರೆಯದಿದ್ದರೆ ಮುಖಲಕ್ಷಣವೇ ಮೂಡಲ್ಲ. ಅಚ್ಚಿನ ಕೆಳಗೆ 1 ಸೆಂ.ಮೀ. ಹಲಗೆ ಕೊಡಿ, ಅಂಚು ಕತ್ತರಿಸೋಕೆ ಗೆರೆ ಸಿಗುತ್ತೆ. ಪ್ಲಾಸ್ಟರ್ ಪೂರ್ತಿ ಒಣಗಿರಬೇಕು.

ರಂಗಸಜ್ಜು: ಎಬಿಎಸ್ ಪ್ಲಾಸ್ಟಿಕ್ ಶೀಟಾದರೆ? ಸನ್‌ಬೋರ್ಡ್ (ಫಲಕಗಳಿಗೆ ಬಳಸುವ ಹಗುರ ಶೀಟು) ಕೂಡ ಮಿಕ್ಕಿದೆ.

ಶೀಟುಗಾರ: ಎಬಿಎಸ್ ಗಟ್ಟಿ, ಆದರೆ ತೇವ ಹೀರುತ್ತೆ. 80 ಡಿಗ್ರಿಯಲ್ಲಿ 2–4 ಗಂಟೆ ಒಣಗಿಸದಿದ್ದರೆ ಗುಳ್ಳೆ ಏಳುತ್ತೆ. 20 ಮುಖವಾಡಕ್ಕೆ ಅಷ್ಟು ಪಾಡು ಯಾಕೆ?

ಬಿಸಿಗಾಳಿ: ಸನ್‌ಬೋರ್ಡ್ ಹೆಚ್ಚಾಗಿ ಪಿವಿಸಿ ಫೋಮ್. ಓವನ್‌ನಲ್ಲಿ ಕಾವು ಮೀರಿದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ, ಇಡಲೇಬೇಡಿ. ಯಾವ ಶೀಟಾದರೂ ಸರಿ, ಆ ಓವನ್ ಮತ್ತೆ ಅಡುಗೆಗೆ ಬೇಡ. ಹಿಪ್ಸೇ ಆದರೆ ಸ್ಪ್ರೇ ಬಣ್ಣ ಹೇಗೆ?

ಬಣ್ಣದಮನೆ: ಸ್ಪ್ರೇ ಬೇಡ, ಅದರ ಥಿನ್ನರ್ ಹಿಪ್ಸನ್ನು ಕರಗಿಸುತ್ತೆ. 400 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಸೋಪುನೀರಲ್ಲಿ ಜಿಡ್ಡು ತೊಳೆದು, ನೀರಿನ ಅಕ್ರಿಲಿಕ್ ಎರಡು ತೆಳು ಕೋಟ್. ಹಣೆ, ಮೂಗಿನ ಸೇತುವೆಗೆ 3 ಮಿ.ಮೀ. ಇವಿಎ ಫೋಮ್ (ಮೆತ್ತನೆಯ ಹಾಳೆ) ಅಂಟಿಸಿ, ಅದನ್ನೂ ರಬ್ಬರ್ ಸಲ್ಯೂಷನ್‌ನಲ್ಲಿ ಅಂಟಿಸಬೇಡಿ, ತೆಳು ಶೀಟು ಸೊಟ್ಟಗಾಗುತ್ತೆ. ಡಬಲ್ ಟೇಪ್ ಸಾಕು.

ಬಿಸಿಗಾಳಿ: ಹಾಗಾದರೆ 2 ಮಿ.ಮೀ. ಹಿಪ್ಸ್, ಐಲೆಟ್ ಸಮೇತ ಒಪ್ಪಿದೆ. ಆದರೆ ಕುಣಿಯುವ, ಬೀಳುವ ಪಾತ್ರಗಳಿಗೆ ಪಿಇಟಿಜಿಯೇ ಇರಲಿ.