ಮಂಡಿ ಕೀಲು ಬದಲಾವಣೆ: ಸಿಮೆಂಟ್ ಹಾಕಿಸಿಕೊಳ್ಳಲು ಹಿಂಜರಿಯಬೇಕೇ?

ಪ್ರಶ್ನೆ (ಮಂಡ್ಯದಿಂದ):
ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ 68 ವರ್ಷ. ಕಬ್ಬಿನ ಗದ್ದೆಯಲ್ಲಿ ದುಡಿದು ಮಂಡಿಗಳೆರಡೂ ಸವೆದಿವೆ, ಮೂಳೆಯೂ ಟೊಳ್ಳಾಗಿದೆಯಂತೆ. ಬಲಗಾಲಿಗೆ ಕೃತಕ ಕೀಲನ್ನು ಸಿಮೆಂಟ್ ಹಾಕಿ ಕೂರಿಸುವುದಾಗಿ ಮೈಸೂರಿನ ವೈದ್ಯರು ಹೇಳಿದ್ದಾರೆ. ಗಾರೆ ಕೆಲಸದ ನಮ್ಮ ಸೋದರಮಾವ, ‘ಸಿಮೆಂಟ್ ಅಂದಮೇಲೆ ಒಂದಲ್ಲ ಒಂದು ದಿನ ಬಿರುಕು ಬಿಡಲೇಬೇಕು’ ಎಂದು ಬಿಟ್ಟ ಮೇಲೆ ಅಮ್ಮ ಒಪ್ಪುತ್ತಿಲ್ಲ. ಸಿಮೆಂಟ್ ಇಲ್ಲದ ಕೀಲೂ ಇದೆಯೆಂದು ಕೇಳಿದ್ದೇನೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಮೈಸೂರು, ಶಸ್ತ್ರಚಿಕಿತ್ಸಾ ಕೊಠಡಿಯ ಶುಶ್ರೂಷಕಿ):
ಹೆಸರೊಂದೇ ಆದರೂ ಇದು ಮನೆ ಕಟ್ಟುವ ಸಿಮೆಂಟ್ ಅಲ್ಲ; ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಒಂದು ಬಗೆಯ ಪ್ಲಾಸ್ಟಿಕ್. ಪುಡಿಯನ್ನೂ ದ್ರವವನ್ನೂ ಅಲ್ಲೇ ಕಲಸುತ್ತೇವೆ. ಕೈಗವುಸಿಗೆ ಅಂಟದಷ್ಟು ಹದಕ್ಕೆ ಬಂದಾಗ ಹಚ್ಚುತ್ತಾರೆ, ಸುಮಾರು 10-15 ನಿಮಿಷದಲ್ಲಿ ಬಿಸಿಯಾಗಿ ಕಲ್ಲಾಗುತ್ತದೆ. ಇದು ಗೋಂದಿನಂತೆ ಅಂಟಿಸುವುದೂ ಇಲ್ಲ. ಮೂಳೆಯ ಸಣ್ಣ ರಂಧ್ರಗಳೊಳಗೆ ಕೆಲವು ಮಿಲಿಮೀಟರ್ ಇಳಿದು ಅಲ್ಲೇ ಬಿಗಿದು ಹಿಡಿಯುತ್ತದೆ. ಆದ್ದರಿಂದಲೇ ಕತ್ತರಿಸಿದ ಮೂಳೆಯನ್ನು ನೀರಿನ ಧಾರೆಯಿಂದ ತೊಳೆದು, ರಕ್ತ ಮತ್ತು ಕೊಬ್ಬಿನ ಅಂಶ ಉಳಿಯದಂತೆ ಒರೆಸಿ ಒಣಗಿಸುವ ಕೆಲಸಕ್ಕೆ ವೈದ್ಯರು ಅಷ್ಟೊಂದು ಸಮಯ ಕೊಡುತ್ತಾರೆ. ನಿಮ್ಮ ಮಾವನವರ ಸಿಮೆಂಟಿಗೆ ದಿನಗಟ್ಟಲೆ ನೀರುಣಿಸಬೇಕು, ನಮ್ಮದಕ್ಕೆ ನೀರೇ ಶತ್ರು. (ಕನ್ನಂಬಾಡಿ ಕಟ್ಟೆ ನಿಂತಿರುವುದು ಸುಣ್ಣ, ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯ ಮೇಲೆ ಎಂಬುದನ್ನು ಅವರಿಗೆ ನೆನಪಿಸಿ, ಹಿಡಿತವೆಲ್ಲ ಹೆಸರಿನಲ್ಲಿರುವುದಿಲ್ಲ.)

ಉತ್ತರ 2:
ಸಿಮೆಂಟ್ ಇಲ್ಲದ ಕೀಲಿನ ಲೋಹದ ಮೈ ಒರಟಾಗಿ, ರಂಧ್ರಮಯವಾಗಿರುತ್ತದೆ. ನಮ್ಮದೇ ಮೂಳೆ ಅದರೊಳಗೆ ಬೆಳೆದು ಹಿಡಿಯಬೇಕು, ಅದಕ್ಕೆ ವಾರಗಳೇ ಬೇಕು. ವಯಸ್ಸು ಕಡಿಮೆಯಿದ್ದು ಮೂಳೆ ಗಟ್ಟಿಯಿರುವವರಿಗೆ ಅದನ್ನು ಆಲೋಚಿಸುತ್ತಾರೆ. ಟೊಳ್ಳು ಮೂಳೆಯಿರುವ ನಿಮ್ಮ ತಾಯಿಯವರಿಗೆ ವೈದ್ಯರ ಆಯ್ಕೆಯೇ ಸರಿಯೆಂದು ನನ್ನ ಅಭಿಪ್ರಾಯ. ನನ್ನ ತಂದೆಯವರಿಗೂ ಸಿಮೆಂಟನ್ನೇ ಹಾಕಿದ್ದರು. ಮರುದಿನವೇ ವಾಕರ್ ಹಿಡಿದು ಕಾಲೂರಿದರು. ಆದರೆ ಮಾವನವರ ಮಾತು ಪೂರ್ತಿ ಸುಳ್ಳೂ ಅಲ್ಲ: ವರ್ಷಗಳು ಕಳೆದಂತೆ ಕೆಲವರಲ್ಲಿ ಹಿಡಿತ ಸಡಿಲವಾಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ಸಿಮೆಂಟ್ ಇಲ್ಲದ್ದಕ್ಕೂ ಆ ಅಪಾಯ ತಪ್ಪಿದ್ದಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಮ್ಮನಿಗೆ ಓದಿ ಹೇಳಿದೆ, ಅರ್ಧ ಒಪ್ಪಿದ್ದಾರೆ. ಸಡಿಲವಾದರೆ ನಮಗೆ ತಿಳಿಯುವುದು ಹೇಗೆ?

ಉತ್ತರ 1:
ಚೆನ್ನಾಗಿ ನಡೆದಾಡುತ್ತಿದ್ದವರಿಗೆ ಕಾಲೂರಿದಾಗ ಹೊಸದಾಗಿ ನೋವು ಶುರುವಾದರೆ ಕಡೆಗಣಿಸಬೇಡಿ. ಎಕ್ಸ್‌ರೇಯಲ್ಲಿ ಕಾಣಲೆಂದು ಸಿಮೆಂಟಿನೊಳಗೆ ಬೇರಿಯಂ ಸಲ್ಫೇಟ್‌ನಂಥ ವಸ್ತುವನ್ನು ಸೇರಿಸಿರುತ್ತಾರೆ, ಅದು ಬೆಳ್ಳಗೆ ಕಾಣುತ್ತದೆ. ಆ ಬಿಳುಪಿಗೂ ಮೂಳೆಗೂ ನಡುವೆ ಕಪ್ಪು ಗೆರೆಯೊಂದು ಮೂಡಿ ಬರಬರುತ್ತ ಅಗಲವಾಗುತ್ತಿದೆಯೇ ಎಂಬುದನ್ನೇ ವೈದ್ಯರು ನೋಡುವುದು. ಹೋಲಿಸಲು ಹಳೆಯದು ಬೇಕಾಗುವುದರಿಂದ, ಶಸ್ತ್ರಚಿಕಿತ್ಸೆಯಾದ ಕೂಡಲೇ ತೆಗೆದ ಎಕ್ಸ್‌ರೇಯನ್ನು ಜೋಪಾನವಾಗಿಡಿ. ಸೋಂಕು ತಡೆಯಲು ಜೆಂಟಾಮೈಸಿನ್‌ನಂಥ ಔಷಧಿ ಬೆರೆಸಿದ ಸಿಮೆಂಟನ್ನೂ ಬಳಸುವುದರಿಂದ, ತಾಯಿಯವರಿಗೆ ಯಾವುದಾದರೂ ಔಷಧಿ ಒಗ್ಗದಿದ್ದರೆ ಮೊದಲೇ ವೈದ್ಯರಿಗೆ ಹೇಳಿಬಿಡಿ.