ಪೊದೆ ಸವರಲು ಪೆಟ್ರೋಲ್ ಬ್ರಶ್ ಕಟರ್: ಯಾವುದು ತೆಗೆದುಕೊಳ್ಳಲಿ, ಹೇಗೆ ನೋಡಿಕೊಳ್ಳಲಿ?

ಪ್ರಶ್ನೆ

ಎರಡು ಎಕರೆಯಷ್ಟು ಜಾಗ ಸವರಬೇಕು. ಅರ್ಧ ಭಾಗದಲ್ಲಿ ಸೊಂಟದೆತ್ತರದ ಹುಲ್ಲು. ಉಳಿದದ್ದು ಮುಳ್ಳುಪೊದೆ, ಬಳ್ಳಿ, ಹೆಬ್ಬೆರಳು ದಪ್ಪದ ಗಿಡಗಳು. ಸ್ವಲ್ಪ ಇಳಿಜಾರೂ ಇದೆ. ಹತ್ತಿರದಲ್ಲಿ ಕರೆಂಟ್ ಇಲ್ಲ, ಹಾಗಾಗಿ ಪೆಟ್ರೋಲ್ ಯಂತ್ರವೇ ಬೇಕು. ಟೂ ಸ್ಟ್ರೋಕ್ ಒಳ್ಳೆಯದೋ ಫೋರ್ ಸ್ಟ್ರೋಕೋ? ಎಷ್ಟು ಸಿಸಿ? ಬ್ಲೇಡ್ ಯಾವುದು? ನಾಲ್ಕು ತಿಂಗಳು ಸುಮ್ಮನೆ ಇಟ್ಟರೆ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ ಎನ್ನುತ್ತಾರೆ, ಅದಕ್ಕೇನು ಕಾರಣ? ಬಳಸಿ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1

ಮೊದಲು ಸಿಸಿ ಯೋಚನೆ ಬಿಟ್ಟು, ಕಡಿಯಬೇಕಾದ್ದು ಏನು ಎಂದು ನೋಡಿ. ಬರೀ ಹುಲ್ಲಿಗೆ ನೈಲಾನ್ ದಾರ, 25 ಸಿಸಿ ಸಾಕು. ಹುಲ್ಲಿನ ಜೊತೆ ಪೊದೆಯೂ ಇದ್ದರೆ 33ರಿಂದ 36 ಸಿಸಿ. ದಪ್ಪ ಗಿಡಗಳಿಗೆ ಗರಗಸದ ಬ್ಲೇಡ್ ಹಾಕಿ ದಿನವಿಡೀ ಕೆಲಸ ಮಾಡುವುದಾದರೆ 40ಕ್ಕಿಂತ ಮೇಲಿನದು. ನೀವು ಹೇಳಿದ ಜಾಗಕ್ಕೆ 35 ಸಿಸಿ ಆಸುಪಾಸಿನದು ಹೊಂದುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಸಿಸಿಯನ್ನೇ ನಂಬಬೇಡಿ, ಕೈಪಿಡಿಯಲ್ಲಿ ಕಿಲೋವಾಟ್ ನೋಡಿ. ಒಳ್ಳೆಯ 35 ಸಿಸಿ ಎಂಜಿನ್ 1 ಕಿಲೋವಾಟ್ ಆಸುಪಾಸು ಕೊಡುತ್ತದೆ. 52 ಸಿಸಿ ಎಂದು ಬರೆದುಕೊಂಡು ಅಷ್ಟೇ ಶಕ್ತಿ ಕೊಡುವವೂ ಇವೆ. ಅವುಗಳಲ್ಲಿ ನಿಮಗೆ ಸಿಗುವುದು ಭಾರ ಮಾತ್ರ.

ಕೈಗೆ ತೆಗೆದುಕೊಂಡಾಗ ನೋಡಬೇಕಾದ ಇನ್ನೊಂದೆರಡು ವಿಷಯ: ಪೈಪಿನ ವ್ಯಾಸ 26 ಅಥವಾ 28 ಮಿ.ಮೀ. ಇರಲಿ, ಒಳಗಿನ ಶಾಫ್ಟ್ ಗಟ್ಟಿ ಸರಳಿನದಾಗಿರಲಿ. ಬಾಗಿದ ಪೈಪಿನ ಸಣ್ಣ ಯಂತ್ರಗಳಿಗೆ ಲೋಹದ ಬ್ಲೇಡ್ ಹಾಕುವಂತಿಲ್ಲ. ಲೋಹದ ಬ್ಲೇಡ್ ಬಳಸುವವರಿಗೆ ಸೈಕಲ್ ಹ್ಯಾಂಡಲ್‌ನಂಥ ಅಗಲ ಹಿಡಿಕೆ ಬೇಕೇ ಬೇಕು, ಅದು ಬ್ಲೇಡನ್ನು ಕಾಲಿನಿಂದ ದೂರವೇ ಇಡುತ್ತದೆ. ಹೆಗಲ ಪಟ್ಟಿ ಎರಡೂ ಭುಜಕ್ಕೆ ಬರುವಂಥದ್ದು, ಒಂದೇ ಎಳೆತಕ್ಕೆ ಕಳಚುವಂಥದ್ದು ಆಗಿರಲಿ. ಪಟ್ಟಿಗೆ ತೂಗುಹಾಕಿ ಕೈಬಿಟ್ಟರೆ ಬ್ಲೇಡ್ ನೆಲದಿಂದ ಸ್ವಲ್ಪವೇ ಮೇಲೆ ನಿಲ್ಲುವಂತೆ ಕೊಂಡಿಯನ್ನು ಪೈಪಿನ ಮೇಲೆ ಸರಿಸಿ ಬಿಗಿಮಾಡಿ. ಇದೊಂದು ಸರಿ ಇಲ್ಲದಿದ್ದರೆ ಒಂದು ಗಂಟೆಯಲ್ಲೇ ಸೊಂಟ ಹಿಡಿಯುತ್ತದೆ.

ಕೊನೆಯದಾಗಿ, ಕಾರ್ಬುರೇಟರ್ ಡಯಾಫ್ರಂ (ಪೆಟ್ರೋಲ್ ಎಳೆದುಕೊಡುವ ತೆಳು ಪೊರೆ), ಕ್ಲಚ್, ಸ್ಟಾರ್ಟರ್ ಹಗ್ಗದ ಗಾಲಿ, ಈ ಮೂರು ಬಿಡಿಭಾಗ ಸುಲಭವಾಗಿ ಸಿಗುವ ಮಾದರಿಯನ್ನೇ ಆರಿಸಿ.

ಉತ್ತರ 2

ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎರಡೂ ಕೆಲಸ ಮಾಡುತ್ತವೆ. ಯಾರ ಕೈಯಲ್ಲಿ ಇರುತ್ತದೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಫೋರ್ ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಹಾಕಿದರೆ ಆಯಿತು. ಹೊಗೆ ಕಡಿಮೆ, ಪೆಟ್ರೋಲ್ ಕುಡಿಯುವುದೂ ಕಡಿಮೆ. ಆದರೆ 35 ಸಿಸಿಯದರಲ್ಲಿ ಇರುವುದು ಸುಮಾರು 100 ಮಿ.ಲೀ. ಆಯಿಲ್ ಅಷ್ಟೇ. ಪ್ರತಿದಿನ ಯಂತ್ರವನ್ನು ಸಮತಟ್ಟಾಗಿಟ್ಟು ಮಟ್ಟ ನೋಡಲೇಬೇಕು. 30 ಮಿ.ಲೀ. ಇಳಿದರೂ ಅದು ಮೂರರಲ್ಲಿ ಒಂದು ಪಾಲು ಹೋದ ಲೆಕ್ಕ. ಹಾಗೆಂದು ಗುರುತು ಮೀರಿ ತುಂಬಿದರೆ ಆಯಿಲ್ ಏರ್ ಫಿಲ್ಟರ್‌ಗೆ ನುಗ್ಗಿ ಹೊಗೆ ಕಾರುತ್ತದೆ. 10ಡಬ್ಲ್ಯು-30 ಆಯಿಲ್, ಮೊದಲ ಬದಲಾವಣೆ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ.

ಟೂ ಸ್ಟ್ರೋಕ್ ಹಗುರ, ಬಿಚ್ಚಿ ಜೋಡಿಸುವುದು ಸುಲಭ, ವಾಲ್ವ್ ಸೆಟ್ಟಿಂಗ್ ಗೊಡವೆ ಇಲ್ಲ. ಆದರೆ ಆಯಿಲ್ ಬೆರೆಸುವವರು ಒಮ್ಮೆ ಮರೆತರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಳುಗಳು ಬದಲಾಗುತ್ತ ಇರುವ ಕಡೆ ಫೋರ್ ಸ್ಟ್ರೋಕ್ ಕ್ಷೇಮ. ಒಬ್ಬರೇ ಜವಾಬ್ದಾರಿಯಿಂದ ನೋಡಿಕೊಳ್ಳುವ ಕಡೆ ಟೂ ಸ್ಟ್ರೋಕೇ ಸಲೀಸು.

ಉತ್ತರ 3

ಇಂಧನದ ಬಗ್ಗೆ ಬರೆಯುತ್ತೇನೆ. ರಿಪೇರಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲಿಂದಲೇ.

ಟೂ ಸ್ಟ್ರೋಕ್‌ಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವ ಅಳತೆ ಹೀಗಿದೆ: 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 40:1ಕ್ಕೆ 25 ಮಿ.ಲೀ., 25:1ಕ್ಕೆ 40 ಮಿ.ಲೀ. ಯಾವ ಅನುಪಾತ ಎಂಬುದು ಯಂತ್ರದ ಕೈಪಿಡಿಯಲ್ಲಿ, ಎಷ್ಟೋ ಸಲ ಟ್ಯಾಂಕಿನ ಮುಚ್ಚಳದ ಮೇಲೂ ಇರುತ್ತದೆ. ಬಾಟಲಿ ಮುಚ್ಚಳದ ಲೆಕ್ಕ ಬಿಡಿ. ಸೂಜಿ ಇಲ್ಲದ 20 ಮಿ.ಲೀ. ಸಿರಿಂಜ್ ಒಂದನ್ನು ಕ್ಯಾನಿಗೆ ಕಟ್ಟಿಡಿ. ಆಯಿಲ್ ಮೇಲೆ ಜಾಸೋ ಎಫ್‌ಡಿ ಎಂಬ ಗುಣಮಟ್ಟದ ಗುರುತಿರಲಿ. ದೋಣಿ ಎಂಜಿನ್ನಿನ ಟಿಸಿ-ಡಬ್ಲ್ಯು3 ಆಯಿಲ್ ನೀರಿನಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು, ಗಾಳಿಯಿಂದ ತಣಿಯುವ ಈ ಯಂತ್ರದ ಬಿಸಿಗೆ ಅದು ತಡೆಯುವುದಿಲ್ಲ. ಕಾರಿನ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ.

ಬೆರೆಸುವುದು ಪ್ರತ್ಯೇಕ ಕ್ಯಾನಿನಲ್ಲಿ. ಅರ್ಧ ಪೆಟ್ರೋಲ್, ಪೂರ್ತಿ ಆಯಿಲ್, ಚೆನ್ನಾಗಿ ಕುಲುಕಿ, ಆಮೇಲೆ ಉಳಿದರ್ಧ ಪೆಟ್ರೋಲ್, ಮತ್ತೆ ಕುಲುಕಿ. ಟ್ಯಾಂಕಿಗೆ ಹಾಕುವ ಮುಂಚೆ ಪ್ರತಿಸಲವೂ ಕ್ಯಾನನ್ನು ಅಲ್ಲಾಡಿಸಿ. ಜಾಸ್ತಿ ಆಯಿಲ್ ಹಾಕಿದರೆ ಒಳ್ಳೆಯದೆಂದು ಕೆಲವರು ಸುರಿಯುತ್ತಾರೆ. ಆಗ ಅದೇ ಅಳತೆಯ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಮಸಿ ಕಟ್ಟಿಕೊಳ್ಳುತ್ತದೆ.

ನಾಲ್ಕು ತಿಂಗಳ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಪೆಟ್ರೋಲಿನ ಹಗುರ ಅಂಶ ಆರಿಹೋಗಿ ಅಂಟು ಉಳಿಯುತ್ತದೆ, ಕಾರ್ಬುರೇಟರ್‌ನ ಕೂದಲೆಳೆಯಂಥ ದಾರಿಗಳು ಅದರಿಂದ ಮುಚ್ಚಿಹೋಗುತ್ತವೆ. ಎಥನಾಲ್ ಬೆರೆಸಿದ ಪೆಟ್ರೋಲ್ ಗಾಳಿಯ ತೇವವನ್ನೂ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನೊಳಗಿನ ಫಿಲ್ಟರ್ ಎಳೆದುಕೊಳ್ಳುವುದು ತಳದಿಂದಲೇ. ಆ ಪದರದಲ್ಲಿ ಆಯಿಲ್ ಇರುವುದಿಲ್ಲವಾದ್ದರಿಂದ ಎಂಜಿನ್ ಹೇಗೋ ಓಡಿದರೂ ಪಿಸ್ಟನ್ ಗೀರುಬೀಳುತ್ತದೆ. ಜೊತೆಗೆ ಡಯಾಫ್ರಂ ಗಡುಸಾಗುತ್ತದೆ, ಪೆಟ್ರೋಲ್ ಪೈಪ್ ಮತ್ತು ಸ್ಟಾರ್ಟ್ ಮಾಡುವ ಮುಂಚೆ ಪೆಟ್ರೋಲ್ ಎಳೆಯಲು ಒತ್ತುವ ಬಲ್ಬ್ ಬಿರುಕು ಬಿಡುತ್ತವೆ. ಬೆರೆಸಿದ ಪೆಟ್ರೋಲನ್ನು 30 ದಿನದೊಳಗೆ ಮುಗಿಸಿ. ಎರಡು ಮೂರು ಲೀಟರಿಗಿಂತ ಹೆಚ್ಚು ಬೆರೆಸಿಡಲೇಬೇಡಿ.

ಒಂದೇ ಜಾಗದಲ್ಲಿ ಎರಡೂ ಬಗೆಯ ಯಂತ್ರ ಇದ್ದರೆ ಕ್ಯಾನುಗಳ ಬಣ್ಣ ಬೇರೆ ಇರಲಿ, ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಉತ್ತರ 4

ಬ್ಲೇಡ್ ವಿಷಯ. ಒಂದೇ ಬ್ಲೇಡಿನಲ್ಲಿ ಎಲ್ಲ ಕೆಲಸ ಮಾಡಲು ಹೊರಟರೆ ಗೇರೂ ಕ್ಲಚ್ಚೂ ಎರಡೂ ಹಾಳು.

ಹಸಿ ಹುಲ್ಲಿಗೆ, ಕಲ್ಲು ಗೋಡೆಗಳ ಅಂಚಿಗೆ ನೈಲಾನ್ ದಾರ. 35 ಸಿಸಿಗೆ 2.7ರಿಂದ 3 ಮಿ.ಮೀ. ದಾರ ಸರಿ. ಒಣಗಿದ ದಾರ ಪಟಪಟನೆ ತುಂಡಾಗುತ್ತದೆ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬಾಗುವ ಗುಣ ಮರಳುತ್ತದೆ. ರಕ್ಷಣಾ ತಟ್ಟೆಯಲ್ಲಿರುವ ಪುಟ್ಟ ಚಾಕುವನ್ನು ಅನೇಕರು ಕಿತ್ತುಬಿಡುತ್ತಾರೆ. ಆಗ ದಾರ ಉದ್ದವಾಗಿ, ಎಂಜಿನ್ ಮುಕ್ಕರಿದು, ಕ್ಲಚ್ ಸುಡುತ್ತದೆ.

ಒರಟು ಹುಲ್ಲು, ಮುಳ್ಳುಪೊದೆಗೆ ಮೂರು ಹಲ್ಲಿನ 255 ಮಿ.ಮೀ. ಬ್ಲೇಡ್. ಸುಮಾರು 2 ಸೆಂ.ಮೀ. ಕಾಂಡದವರೆಗೆ ಇದು ನಡೆಯುತ್ತದೆ. ಅದಕ್ಕಿಂತ ದಪ್ಪಕ್ಕೆ, 4-5 ಸೆಂ.ಮೀ.ವರೆಗೆ, 200 ಮಿ.ಮೀ. ಗರಗಸ ಬ್ಲೇಡ್. ಇನ್ನೂ ದಪ್ಪದ್ದಕ್ಕೆ ಚೈನ್ ಸಾ ಹಿಡಿಯಿರಿ. ಬ್ಲೇಡಿನ ತೂತು ಹೆಚ್ಚಾಗಿ 25.4 ಮಿ.ಮೀ. ಇರುತ್ತದೆ, 20 ಮಿ.ಮೀ. ಇರುವುದೂ ಉಂಟು. ತೂತು ಹೊಂದದಿದ್ದರೆ ನಡು ತಪ್ಪಿ ಕೂತು ಯಂತ್ರವೆಲ್ಲ ನಡುಗುತ್ತದೆ. ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗವು ಯಂತ್ರದ ಶಾಫ್ಟ್ ವೇಗಕ್ಕಿಂತ ಹೆಚ್ಚಿರಬೇಕು.

ಬಿಚ್ಚುವಾಗ ಎಡವುವುದು ಇಲ್ಲಿ: ನಟ್ ಉಲ್ಟಾ ಥ್ರೆಡ್. ಗೇರ್ ಹೆಡ್ಡಿನ (ಪೈಪಿನ ತುದಿಯಲ್ಲಿ ಬ್ಲೇಡ್ ತಿರುಗಿಸುವ ಗೇರ್ ಪೆಟ್ಟಿಗೆ) ತೂತಿಗೆ ಕಡ್ಡಿ ತೂರಿಸಿ ತಿರುಗದಂತೆ ಮಾಡಿ, ನಟ್ಟನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲ. ಮೊದಲು ಪ್ಲಗ್ ಕ್ಯಾಪ್ ಕಿತ್ತಿಡಿ, ಇದನ್ನು ಒಮ್ಮೆಯೂ ಬಿಡಬೇಡಿ. ಪ್ಲಾಸ್ಟಿಕ್ ಲಾಕ್ ಇರುವ ನಟ್ ಕೈಯಲ್ಲೇ ಸಲೀಸಾಗಿ ತಿರುಗತೊಡಗಿದರೆ ಹೊಸದು ಹಾಕಿ.

ಹರಿತ ಮಾಡಲು ಚಪ್ಪಟೆ ಅರ ಸಾಕು. ಪ್ರತಿ ಹಲ್ಲಿಗೂ ಲೆಕ್ಕ ಹಾಕಿ ಅಷ್ಟೇ ಸಲ ಉಜ್ಜಿ, ಇಲ್ಲದಿದ್ದರೆ ತೂಕ ಏರುಪೇರಾಗುತ್ತದೆ. ಗ್ರೈಂಡರಿನಲ್ಲಿ ನೀಲಿ ಬಣ್ಣ ಬರುವಷ್ಟು ಬಿಸಿ ಮಾಡಿದರೆ ಹಲ್ಲಿನ ಗಡಸುತನವೇ ಹೋಯಿತು. ಹಲ್ಲಿನ ಬುಡದಲ್ಲಿ ಕೂದಲೆಳೆ ಬಿರುಕು ಕಂಡರೂ ಬ್ಲೇಡ್ ಎಸೆಯಿರಿ. ಬೆಸುಗೆ ಹಾಕಿಸಿ ಬಳಸುವುದೆಂದರೆ ಪಕ್ಕದಲ್ಲಿರುವವರ ಪ್ರಾಣದ ಜೊತೆ ಆಟ.

ಉತ್ತರ 5

ಮೇಲಿನವರ ಮಾತಿಗೆ ಸೇರಿಸಬೇಕಾದ್ದು ಒದೆತದ ಬಗ್ಗೆ. ಬ್ಲೇಡನ್ನು ಗಡಿಯಾರದ ಮುಖ ಎಂದುಕೊಳ್ಳಿ, ನಿಮ್ಮ ನೇರ ಮುಂದೆ 12. ಮೇಲಿಂದ ನೋಡಿದರೆ ಬ್ಲೇಡ್ ಎಡಕ್ಕೆ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ. 12ರಿಂದ 3ರ ನಡುವಿನ ಭಾಗ ಗಟ್ಟಿ ಕಾಂಡಕ್ಕೆ ತಾಗಿದರೆ ಯಂತ್ರ ಬಲಕ್ಕೂ ಹಿಂದಕ್ಕೂ ಸಿಡಿಯುತ್ತದೆ. ದಪ್ಪ ಗಿಡಕ್ಕೆ 8ರಿಂದ 11ರ ಭಾಗವನ್ನೇ ಕೊಡಿ. ಬೀಸುವುದು ಬಲದಿಂದ ಎಡಕ್ಕೆ.

ತಂತಿ, ಹಗ್ಗ, ಬಟ್ಟೆ ಚೂರುಗಳನ್ನು ಮೊದಲೇ ಆರಿಸಿ ತೆಗೆಯಿರಿ. 15 ಮೀಟರ್ ಒಳಗೆ ಯಾರೂ ಇರಬಾರದು. ಜಾಲರಿ ಮುಖವಾಡವೊಂದೇ ಸಾಲದು, ಸಣ್ಣ ಚೂರು ಜಾಲರಿ ತೂರಿ ಬರುತ್ತದೆ, ಒಳಗೆ ಕನ್ನಡಕವೂ ಇರಲಿ. ಕಿವಿಗೆ ಮುಚ್ಚಿಗೆ, ಮೊಣಕಾಲಿಗೆ ಗಟ್ಟಿ ಹೊದಿಕೆ, ಬೂಟು.

ಇಳಿಜಾರಿನಲ್ಲಿ ಮೇಲೆ ಕೆಳಗೆ ಹತ್ತಿಳಿಯುತ್ತ ಸವರಬೇಡಿ, ಅಡ್ಡಡ್ಡ ನಡೆಯಿರಿ. ಬೆನ್ನಿಗೆ ಹೊರುವ ಮಾದರಿ ಇಳಿಜಾರಿಗೆ ಹಿತ ಅನ್ನಿಸುವುದು ನಿಜ. ಆದರೆ ಅದರ ಬಾಗುವ ಶಾಫ್ಟನ್ನು 20-25 ಗಂಟೆಗೊಮ್ಮೆ ಹೊರಗೆಳೆದು ಒರೆಸಿ ಗ್ರೀಸ್ ಸವರಬೇಕು. ಮರೆತರೆ ಬಿಸಿಯಾಗಿ ತುಂಡಾಗುತ್ತದೆ. ಬಿದ್ದಾಗ ಬೇಗ ಕಳಚಿಕೊಳ್ಳುವುದೂ ಕಷ್ಟ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಯೋಗವಾಯಿತು. ಸದ್ಯ ಒಂದು ಹಳೆಯ ಟೂ ಸ್ಟ್ರೋಕ್ ಯಂತ್ರ ಎರವಲು ಸಿಕ್ಕಿದೆ. ಮೂರು ತೊಂದರೆ: ಆಕ್ಸಿಲೇಟರ್ ಬಿಟ್ಟರೂ ಬ್ಲೇಡ್ ತಿರುಗುತ್ತದೆ, 15 ನಿಮಿಷಕ್ಕೆ ಎಂಜಿನ್ ತಾನಾಗಿ ನಿಲ್ಲುತ್ತದೆ, ಪೂರ್ತಿ ಒತ್ತಿದರೂ ವೇಗ ಏರುವುದಿಲ್ಲ.

ಉತ್ತರ 6

ಮೊದಲನೆಯದು ಸರಿಯಾಗುವವರೆಗೆ ಯಂತ್ರ ಬಳಸಬೇಡಿ. ಐಡಲ್ ಸ್ಕ್ರೂವನ್ನು (ಆಕ್ಸಿಲೇಟರ್ ಬಿಟ್ಟಾಗಿನ ವೇಗ ಹೊಂದಿಸುವುದು) ಎಡಕ್ಕೆ ಸ್ವಲ್ಪಸ್ವಲ್ಪ ತಿರುಗಿಸಿ ವೇಗ ಇಳಿಸಿ. ನಿಮಿಷಕ್ಕೆ ಸುಮಾರು 2,800 ಸುತ್ತಿನಲ್ಲಿ ಎಂಜಿನ್ ನಿಲ್ಲದೆ ಓಡಬೇಕು, ಬ್ಲೇಡ್ ಅಲ್ಲಾಡಬಾರದು. ಇಳಿಸಿದರೂ ತಿರುಗುತ್ತಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಐಡಲ್ ವೇಗ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿರಬಹುದು. ಸ್ಕ್ರೂ ತಿರುಗಿಸಿ ಅದನ್ನು ಮುಚ್ಚಿಹಾಕಬೇಡಿ, ಪಿಸ್ಟನ್ ಹೋಗುತ್ತದೆ.

15 ನಿಮಿಷಕ್ಕೆ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿ ಕಿವಿಗೊಡಿ, ಮುಖ ದೂರವಿರಲಿ. ಸುಯ್ ಎಂದು ಗಾಳಿ ಒಳಗೆಳೆದುಕೊಂಡು, ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ. ಹಾಗಾಗದಿದ್ದರೆ ತಕ್ಷಣ ಪ್ಲಗ್ ಬಿಚ್ಚಿ ಕಿಡಿ ನೋಡಿ, ಆದರೆ ಪೆಟ್ರೋಲ್ ಮುಚ್ಚಳ ಬಿಗಿದು ದೂರ ಬಂದ ಮೇಲೆ. ಬಿಸಿಯಲ್ಲಿ ಕಿಡಿ ಇಲ್ಲ, ತಣಿದ ಮೇಲೆ ಇದೆ ಎಂದರೆ ಇಗ್ನಿಷನ್ ಕಾಯಿಲ್ ಕೆಟ್ಟಿದೆ.

ವೇಗ ಏರದಿರುವುದಕ್ಕೆ ನೇರ ಕಾರ್ಬುರೇಟರ್ ಬಿಚ್ಚಬೇಡಿ. ಸೈಲೆನ್ಸರ್ ಬಾಯಲ್ಲಿ ಕಿಡಿ ತಡೆಯುವ ಪುಟ್ಟ ಜಾಲರಿ ಇರುತ್ತದೆ, ಮಸಿ ಕಟ್ಟಿದರೆ ಇದೇ ಲಕ್ಷಣ. ತಣಿದ ಮೇಲೆ ಬಿಚ್ಚಿ ತಂತಿ ಬ್ರಶ್ಶಿನಿಂದ ಉಜ್ಜಿ ಮತ್ತೆ ಹಾಕಿ, ಎಸೆಯಬೇಡಿ, ಒಣಹುಲ್ಲಿಗೆ ಬೆಂಕಿ ತಗುಲೀತು. ಆಮೇಲೆ ಏರ್ ಫಿಲ್ಟರ್. ಆಮೇಲೆ ಟ್ಯಾಂಕಿನೊಳಗಿನ ಫಿಲ್ಟರ್: ತುದಿ ಬಾಗಿಸಿದ ತಂತಿಯಿಂದ ಎಳೆದು ತೆಗೆದು, ಕಪ್ಪಾಗಿದ್ದರೆ ಹೊಸದು. ಸೈಲೆನ್ಸರ್ ಕಳಚಿದಾಗಲೇ ಆ ಕಿಂಡಿಯಿಂದ ಪಿಸ್ಟನ್ ನೋಡಿಬಿಡಿ. ಉದ್ದುದ್ದ ಗೀರುಗಳಿದ್ದರೆ ಉಳಿದ ರಿಪೇರಿಗೆ ದುಡ್ಡು ಸುರಿಯುವ ಮೊದಲು ಯೋಚಿಸಿ.

ಕೊನೆಗೆ ಉಳಿಯುವುದು ಎಚ್ ಸ್ಕ್ರೂ, ಅಂದರೆ ಪೂರ್ತಿ ವೇಗದಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕೆಂದು ಹೊಂದಿಸುವ ಕಾರ್ಬುರೇಟರ್ ಸ್ಕ್ರೂ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಮಾತ್ರ. ಚೂಪಾಗಿ ಕಿರುಚುವ ಶಬ್ದ ಕೇಳಲು ಚೆನ್ನಾಗಿದ್ದರೂ ಅದು ಪೆಟ್ರೋಲ್ ಸಾಲದ ಲಕ್ಷಣ. ಹೊರೆ ಇಲ್ಲದೆ ಪೂರ್ತಿ ಒತ್ತಿದಾಗ ಸ್ವಲ್ಪ ತೊದಲಿ, ಹುಲ್ಲಿಗೆ ಕೊಟ್ಟ ಕೂಡಲೇ ತೊದಲು ಹೋಗಬೇಕು.

ಉತ್ತರ 7

ನಿತ್ಯದ ಆರೈಕೆಯಲ್ಲಿ ಜನ ಮರೆಯುವುದು ಗೇರ್ ಹೆಡ್. ಪಕ್ಕದಲ್ಲಿ ಒಂದು ಸ್ಕ್ರೂ ಇದೆ, 20-25 ಗಂಟೆಗೊಮ್ಮೆ ತೆಗೆದು ಲಿಥಿಯಂ ಗ್ರೀಸ್ ತುಂಬಿ, ಬ್ಲೇಡನ್ನು ಕೈಯಿಂದ ತಿರುಗಿಸುತ್ತ (ಕೈಗವಸು ಇರಲಿ). ತುರುಕಿ ತುರುಕಿ ತುಂಬಿದರೆ ಬಿಸಿಯಾಗಿ ಸೀಲಿನಿಂದ ಹೊರಬರುತ್ತದೆ. ಕೆಲಸದ ನಡುವೆ ಗೇರ್ ಹೆಡ್ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಗ್ರೀಸ್ ಇಲ್ಲ, ಇಲ್ಲವೇ ಬ್ಲೇಡಿನ ಬುಡಕ್ಕೆ ಹುಲ್ಲು ಸುತ್ತಿಕೊಂಡಿದೆ.

ಸ್ಪಂಜಿನ ಏರ್ ಫಿಲ್ಟರನ್ನು 8-10 ಗಂಟೆಗೊಮ್ಮೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕೈದು ಹನಿ ಆಯಿಲ್ ಹಾಕಿ ಹಿಂಡಿ. ಧೂಳಿದ್ದರೆ ದಿನವೂ. ಪ್ಲಗ್ ಅಂತರ 0.6-0.7 ಮಿ.ಮೀ., ಕೈಪಿಡಿ ಬೇರೆ ಹೇಳಿದ್ದರೆ ಅದೇ ಅಂತಿಮ. ಸಿಲಿಂಡರಿನ ರೆಕ್ಕೆಗಳ ನಡುವಿನ ಹುಲ್ಲಿನ ಹೊಟ್ಟನ್ನು ಕಡ್ಡಿಯಿಂದ ಕೆದರಿ ತೆಗೆಯಿರಿ.

ಕೆಲಸದಲ್ಲಿ ಅರ್ಧ ಆಕ್ಸಿಲೇಟರ್ ಹಿಡಿದು ಉಳಿತಾಯ ಮಾಡಲು ಹೋಗಬೇಡಿ, ಕ್ಲಚ್ ಜಾರುತ್ತಲೇ ಇರುತ್ತದೆ.

ಉತ್ತರ 8

ತಿಂಗಳಿಗಿಂತ ಹೆಚ್ಚು ಇಡುವುದಾದರೆ: ಟ್ಯಾಂಕ್ ಪೂರ್ತಿ ಬಗ್ಗಿಸಿ ಖಾಲಿ ಮಾಡಿ. ಬಲ್ಬ್ ಒತ್ತುತ್ತ ಪೈಪಿನದ್ದನ್ನೂ ಹೊರಹಾಕಿ. ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ, ಚೋಕ್ ಹಾಕಿ ಇನ್ನೊಮ್ಮೆ ಎಳೆಯಿರಿ. ತಣಿದ ಮೇಲೆ ಪ್ಲಗ್ ಬಿಚ್ಚಿ, ಟೂ ಸ್ಟ್ರೋಕ್ ಆಗಿದ್ದರೆ ಅದರ ಆಯಿಲ್ಲೇ, ಫೋರ್ ಸ್ಟ್ರೋಕ್ ಆಗಿದ್ದರೆ ಎಂಜಿನ್ ಆಯಿಲ್, ಕೆಲವು ಹನಿ ಬಿಟ್ಟು, ಹಗ್ಗವನ್ನು ನಿಧಾನವಾಗಿ ಎರಡು ಸಲ ಎಳೆದು ಪ್ಲಗ್ ಹಾಕಿ. ಬ್ಲೇಡಿಗೆ ಆಯಿಲ್ ಬಟ್ಟೆ ಸವರಿ.

ಮತ್ತೆ ತೆಗೆದಾಗ ಹೊಸ ಪೆಟ್ರೋಲ್, ಬಲ್ಬ್ ಆರೇಳು ಸಲ, ಚೋಕ್ ಹಾಕಿ ಎಳೆಯಿರಿ. ಒಮ್ಮೆ ಢಬ್ ಎಂದು ಕೆಮ್ಮಿದ ಕೂಡಲೇ ಚೋಕ್ ತೆಗೆಯಬೇಕು. ಅದನ್ನು ಕೇಳಿಸಿಕೊಳ್ಳದೆ ಚೋಕಿನಲ್ಲೇ ಎಳೆಯುತ್ತ ಹೋದರೆ ಪ್ಲಗ್ ಒದ್ದೆಯಾಗುತ್ತದೆ. ಆಗ ಪ್ಲಗ್ ಬಿಚ್ಚಿ ಒರೆಸಿ, ಸ್ವಿಚ್ ಆಫ್ ಇರಲಿ, ಚೋಕ್ ತೆಗೆದು ಆಕ್ಸಿಲೇಟರ್ ಪೂರ್ತಿ ಒತ್ತಿ ಎಂಟು ಹತ್ತು ಸಲ ಎಳೆದು ಒಳಗಿನ ಪೆಟ್ರೋಲ್ ಹೊರದಬ್ಬಿ. ಹತ್ತು ನಿಮಿಷ ಬಿಟ್ಟು ಪ್ಲಗ್ ಹಾಕಿ, ಚೋಕ್ ಇಲ್ಲದೆ ಎಳೆಯಿರಿ.