ಬಿಲಿರುಬಿನ್ ಎರಡು ಸಲ ಬೇರೆ ಬೇರೆ ಬಂದಿದೆ, ಯಾವುದನ್ನು ನಂಬಲಿ?

ಪ್ರಶ್ನೆ: ಅಪ್ಪನ ರಕ್ತ ಪರೀಕ್ಷೆಯಲ್ಲಿ ಒಟ್ಟು ಬಿಲಿರುಬಿನ್ (ಹಳೆಯ ಕೆಂಪು ರಕ್ತಕಣ ಒಡೆದಾಗ ಆಗುವ ಹಳದಿ ವಸ್ತು) 2.1 ಬಂತು. ನಾಲ್ಕು ದಿನ ಬಿಟ್ಟು ಬೇರೆ ಲ್ಯಾಬ್‌ನಲ್ಲಿ 1.4. ಡೈರೆಕ್ಟ್ (ಅದರಲ್ಲಿ ಲಿವರ್ ಸಂಸ್ಕರಿಸಿದ ಭಾಗ) ಎರಡರಲ್ಲೂ 0.3. ಲಿವರ್‌ನ ಉಳಿದ ಅಂಕಿಗಳೆಲ್ಲ ಸರಿಯಾಗಿವೆ. ತುಂಬಾ ಭಯ ಆಗಿದೆ.

ಉತ್ತರ 1: ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಎರಡೂ ಸರಿ ಇರಬಹುದು. ಮೊದಲ ಸಲ ತುಂಬಾ ಹೊತ್ತು ಊಟ ಬಿಟ್ಟಿದ್ದರಾ? ಹಾಗಿದ್ದರೆ ಅಂಕಿ ಏರಬಹುದು. ಇನ್ನೊಂದು, ಬೆಳಕು ಬಿದ್ದರೆ ಬಿಲಿರುಬಿನ್ ಒಡೆದುಹೋಗುತ್ತದೆ, ಅದಕ್ಕೇ ಟ್ಯೂಬನ್ನು ಬೆಳಕಿಗೆ ಬಿಡಬಾರದು, ಕಿಟಕಿ ಪಕ್ಕ ಸುಮ್ನೆ ಇಟ್ಟರೂ ಅಂಕಿ ಇಳಿಯುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೂ ಲೆಕ್ಕ ಕೆಡಬಹುದು.

ಪ್ರಶ್ನೆ ಕೇಳಿದವರು: ಹೌದು, ಮೊದಲ ಸಲ 16 ಗಂಟೆ ಏನೂ ತಿಂದಿರಲಿಲ್ಲ!

ಉತ್ತರ 2: ಒಟ್ಟರಲ್ಲಿ ಡೈರೆಕ್ಟ್ ಕಳೆದರೆ ಉಳಿಯುವುದು ಇಂಡೈರೆಕ್ಟ್, ಅಂದರೆ ಲಿವರ್ ಇನ್ನೂ ಸಂಸ್ಕರಿಸದ ಭಾಗ. ನಿಮ್ಮ ತಂದೆಗೆ ಜಾಸ್ತಿ ಇರುವುದು ಅದೇ ಅಲ್ವಾ? ನನಗೂ ಹೀಗೇ ಇದೆ, ಗಿಲ್ಬರ್ಟ್ ಸಿಂಡ್ರೋಮ್ (ಲಿವರ್ ಬಿಲಿರುಬಿನ್ ಅನ್ನು ನಿಧಾನವಾಗಿ ಸಂಸ್ಕರಿಸುವ, ಹುಟ್ಟಿನಿಂದಲೇ ಇರುವ, ಅಪಾಯವಿಲ್ಲದ ಸ್ಥಿತಿ) ಅಂದರು. ಉಪವಾಸ, ಜ್ವರ ಬಂದಾಗ ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ, ಔಷಧಿ ಬೇಕಿಲ್ಲ. ಆದರೆ ನೀವೇ ಹಾಗಂತ ತೀರ್ಮಾನ ಮಾಡಬೇಡಿ. ರಕ್ತಕಣ ಬೇಗ ಒಡೆಯುತ್ತಿದ್ದರೂ ಇಂಡೈರೆಕ್ಟ್ ಏರುತ್ತದೆ, ಡಾಕ್ಟರ್ ಹತ್ತಿರ ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ), ರೆಟಿಕ್ಯುಲೊಸೈಟ್ (ಹೊಸದಾಗಿ ಹುಟ್ಟಿದ ಕೆಂಪು ರಕ್ತಕಣ) ಪರೀಕ್ಷೆ ಬಗ್ಗೆ ಕೇಳಿ.

ಉತ್ತರ 1: ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಮಲ ಬಿಳಿಚಿಕೊಂಡರೆ ಕಾಯಬೇಡಿ, ಅವತ್ತೇ ತೋರಿಸಿ.